ಮೂವರು, ಒಂದು ಸೀಟು: ಗೆಸ್ಟ್ ಪಾಸ್ ಪ್ರಯಾಣದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ. ವಿಮಾನ ಸಂಸ್ಥೆ ಯಾವುದು ಅಂತಲೂ ಬರೆದಿಲ್ಲ. ಪಾಸ್ ಕೊಟ್ಟವನು ಇನ್ನೂ ಅಲ್ಲೇ ಕೆಲಸದಲ್ಲಿದ್ದಾನೆ, ಅವನಿಗೆ ತೊಂದರೆ ಆಗಬಾರದು. ಊರುಗಳು ಮಾತ್ರ ನಿಜವಾದವು. ಊರು, ವಾರ, ಹವಾಮಾನ ಇವನ್ನು ಬಿಟ್ಟರೆ ಈ ಕಥೆಯಲ್ಲಿ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಹಿನ್ನೆಲೆ

ರವಿ ಅಮೆರಿಕದ ಒಂದು ದೊಡ್ಡ ವಿಮಾನ ಸಂಸ್ಥೆಯಲ್ಲಿ ಮೆಕ್ಯಾನಿಕ್. ಅಲ್ಲಿನ ಬಹುತೇಕ ದೊಡ್ಡ ಸಂಸ್ಥೆಗಳಂತೆ ಅವನ ಸಂಸ್ಥೆಯೂ ನೌಕರರಿಗೆ ವರ್ಷಕ್ಕೆ ಇಷ್ಟು ಅಂತ ಗೆಸ್ಟ್ ಪಾಸ್ ಕೊಡುತ್ತದೆ. ಜನರ ಬಾಯಲ್ಲಿ ಅದು ಬಡ್ಡಿ ಪಾಸ್ (ಇಂಗ್ಲಿಷಿನ buddy, ಅಂದರೆ ಗೆಳೆಯ). ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಇವರಿಗೆ ಇರುವ ಸೌಲಭ್ಯವೇ ಬೇರೆ. ಗೆಸ್ಟ್ ಪಾಸ್ ಇರುವುದು ಉಳಿದ ನೆಂಟರಿಗೆ, ಗೆಳೆಯರಿಗೆ. ಅದು ಪೂರ್ತಿ ಬಿಟ್ಟಿ ಅಲ್ಲ. ತೆರಿಗೆ, ಶುಲ್ಕ, ದೂರಕ್ಕೆ ತಕ್ಕಂತೆ ಒಂದಿಷ್ಟು ಹಣ ಕಟ್ಟಬೇಕು.

ವಾಣಿ ರವಿಯ ಚಿಕ್ಕಮ್ಮನ ಮಗಳು, ಅವನಿಗಿಂತ ದೊಡ್ಡವಳು. ಗಂಡ ಸತೀಶ, ಒಂಬತ್ತು ವರ್ಷದ ಮಗನ ಜೊತೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಇದ್ದಾಳೆ. ಅವಳ ತಂಗಿ ಉತ್ತರ ಕ್ಯಾರೊಲಿನಾದ ರಾಲೀ ಹತ್ತಿರದ ವಿಶ್ವವಿದ್ಯಾಲಯವೊಂದರಲ್ಲಿ ಓದು ಮುಗಿಸಿದ್ದಳು. ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಪದವಿ ಪ್ರದಾನ. ಅಪ್ಪ ಅಮ್ಮ ಭಾರತದಿಂದ ಬರುವ ಹಾಗಿರಲಿಲ್ಲ. ಮನೆಯವರು ಅಂತ ಹೋಗಬೇಕಾದವಳು ವಾಣಿಯೇ. ಟಿಕೆಟ್ ದರ ನೋಡಿದರೆ ಮೂವರಿಗೆ ಜಾಸ್ತಿ ಆಯಿತು. ರವಿಯನ್ನು ಕೇಳಿದಳು. ಅವನು ಕೂಡಲೇ ಒಪ್ಪಿದ.

ಸಮಸ್ಯೆ

ಗೆಸ್ಟ್ ಪಾಸ್‌ನಲ್ಲಿ ಹೋಗುವುದು ಸ್ಟ್ಯಾಂಡ್‌ಬೈ, ಅಂದರೆ ಸೀಟು ಉಳಿದರೆ ಮಾತ್ರ ಪ್ರಯಾಣ. ಸ್ಟ್ಯಾಂಡ್‌ಬೈ ಪ್ರಯಾಣಿಕನಿಗೆ ಸೀಟು ಇರುವುದಿಲ್ಲ, ಸರದಿ ಇರುತ್ತದೆ. ಆ ಸರದಿಯಲ್ಲಿ ಗೆಸ್ಟ್ ಪಾಸ್‌ನವರು ಹೆಚ್ಚುಕಡಿಮೆ ಕೊನೆಯವರು. ದುಡ್ಡು ಕೊಟ್ಟು ಬೇರೆ ವಿಮಾನಕ್ಕೆ ಬದಲಾಯಿಸಿಕೊಳ್ಳಲು ಕಾದವರು ಮೊದಲು. ಆಮೇಲೆ ಸಂಸ್ಥೆಯ ನೌಕರರು, ಅವರ ಮನೆಯವರು. ಅದಾದ ಮೇಲೆ ಇವರು. ಇನ್ನೊಂದು ವಿಮಾನ ಓಡಿಸುವುದಕ್ಕೆ ಅಂತ ಪೈಲಟ್, ಸಿಬ್ಬಂದಿ ಹೋಗಬೇಕಿದ್ದರೆ ಅವರಿಗೆ ಸೀಟು ಮೀಸಲು, ಸರದಿಯ ಮಾತೇ ಇಲ್ಲ. ಹೀಗಾಗಿ 'ಹತ್ತು ಸೀಟು ಖಾಲಿ' ಅಂದರೆ ಹತ್ತರಲ್ಲಿ ತಮಗೆಷ್ಟು ಉಳಿಯುತ್ತದೆ ಅನ್ನುವುದು ಬೇರೆಯೇ ಲೆಕ್ಕ.

ಇದು ವಾಣಿಗೆ ಗೊತ್ತಿತ್ತು, ರವಿ ಚೆನ್ನಾಗಿಯೇ ವಿವರಿಸಿದ್ದ. ಆದರೆ ತಾರೀಖು ಬದಲಾಗದ ಕಾರ್ಯಕ್ರಮ, ಮೂವರು ಒಟ್ಟಿಗೆ ಹೋಗಬೇಕೆಂಬ ಆಸೆ, ಮಧ್ಯೆ ಒಂದು ವಿಮಾನ ಬದಲಿಸುವ ದಾರಿ, ಈ ಮೂರೂ ಒಂದೇ ಪ್ರಯಾಣದಲ್ಲಿ ಸೇರಿಕೊಂಡವು. ಒಂದೊಂದೇ ಇದ್ದಿದ್ದರೆ ಸಂಭಾಳಿಸಬಹುದಿತ್ತು.

ಜೊತೆಗೆ ಆ ವಾರಾಂತ್ಯವೂ ಸರಿ ಇರಲಿಲ್ಲ. ರಾಲೀ ಸುತ್ತಮುತ್ತ ದೊಡ್ಡ ವಿಶ್ವವಿದ್ಯಾಲಯಗಳು ಹಲವು. ಅವುಗಳ ಪದವಿ ಪ್ರದಾನ ಬರುವುದು ಮೇ ತಿಂಗಳಲ್ಲೇ. ದೇಶದ ಮೂಲೆಮೂಲೆಯಿಂದ ಅಪ್ಪ ಅಮ್ಮ, ಅಜ್ಜ ಅಜ್ಜಿ ಹೊರಡುತ್ತಾರೆ, ಎಲ್ಲರೂ ಶುಕ್ರವಾರವೇ ಬರುತ್ತಾರೆ. ಸಾಮಾನ್ಯ ದಿನಗಳಲ್ಲಿ ಅರ್ಧ ಖಾಲಿ ಹೋಗುವ ವಿಮಾನ ಕೂಡ ಆಗ ತುಂಬಿರುತ್ತದೆ. ಸ್ಟ್ಯಾಂಡ್‌ಬೈ ಹೋಗುವವರು ದೀಪಾವಳಿ, ಕ್ರಿಸ್‌ಮಸ್ ನೋಡಿಕೊಳ್ಳುತ್ತಾರೆ, ಹೋಗುವ ಊರಿನ ಕ್ಯಾಲೆಂಡರ್ ನೋಡುವುದನ್ನು ಮರೆಯುತ್ತಾರೆ.

ಯೋಜನೆ

ರವಿ ವಾರದ ಮೊದಲೇ ಲೋಡ್, ಅಂದರೆ ಯಾವ ವಿಮಾನದಲ್ಲಿ ಎಷ್ಟು ಸೀಟು ಖಾಲಿ ಅನ್ನುವುದನ್ನು, ನೋಡಿದ. ಸ್ಯಾಕ್ರಮೆಂಟೊದಿಂದ ಡೆನ್ವರ್, ಡೆನ್ವರ್‌ನಿಂದ ರಾಲೀ. ಬುಧವಾರ ಎರಡೂ ಕಡೆ ಧಾರಾಳ ಸೀಟು. ಗುರುವಾರ ಸಂಜೆ ಡೆನ್ವರ್ ತನಕ ಹದಿನಾಲ್ಕು, ಶುಕ್ರವಾರ ಬೆಳಗ್ಗೆ ಅಲ್ಲಿಂದ ರಾಲೀಗೆ ಒಂಬತ್ತು. ಶುಕ್ರವಾರದ ಉಳಿದ ವಿಮಾನಗಳೆಲ್ಲ ಭರ್ತಿ, ಇಲ್ಲವೇ ಓವರ್‌ಸೋಲ್ಡ್ (ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದು).

"ಅಕ್ಕಾ, ಬುಧವಾರವೇ ಹೊರಟುಬಿಡು" ಅಂದ. ಸತೀಶನಿಗೆ ಗುರುವಾರ ರಜೆ ಸಿಗುವ ಹಾಗಿರಲಿಲ್ಲ. ವಾಣಿ ಮಗನ ಜೊತೆ ಬುಧವಾರ ಹೋಗಿ ಸತೀಶ ಹಿಂದಿನಿಂದ ಬರಬಹುದಿತ್ತು. ಆ ಮಾತು ಬಂದಿತ್ತು ಕೂಡ. ಆದರೆ ಒಂಬತ್ತು ಸೀಟು ಇದೆಯಲ್ಲ, ನಾವು ಮೂವರೇ, ಅಷ್ಟರಲ್ಲಿ ಏನಾಗಿಬಿಡುತ್ತದೆ ಅಂತ ಗುರುವಾರವೇ ಗಟ್ಟಿಯಾಯಿತು.

ಒಂಬತ್ತು ಅನ್ನುವುದು ಅವತ್ತಿನ ಲೆಕ್ಕ ಅಷ್ಟೇ. ಅದರ ಹಿಂದೆ ಇನ್ನೂ ಸೀಟಿದೆಯೇ ಅನ್ನುವ ಪ್ರಶ್ನೆ ಯಾರೂ ಕೇಳಲಿಲ್ಲ. ಆ ಬೆಳಗಿನ ವಿಮಾನ ತಪ್ಪಿದರೆ ಮುಂದಿನದರಲ್ಲಿ ಎಷ್ಟು? ಸೊನ್ನೆ. ಅದರ ಮುಂದಿನದರಲ್ಲಿ? ಸೊನ್ನೆಗಿಂತ ಕಡಿಮೆ. ಅಂದರೆ ಇಡೀ ಯೋಜನೆ ಒಂದೇ ವಿಮಾನದ ಮೇಲೆ ನಿಂತಿತ್ತು. ನನ್ನನ್ನು ಕೇಳಿದರೆ, ಮೂರೇ ಸೀಟು ಖಾಲಿ ಇದ್ದು ಹಿಂದೆ ಇನ್ನೂ ನಾಲ್ಕು ವಿಮಾನ ಇರುವ ದಿನ ಇದಕ್ಕಿಂತ ವಾಸಿ.

ಉಡುಪಿನ ಬಗ್ಗೆಯೂ ರವಿ ಹೇಳಿದ್ದ. ಪಾಸ್‌ನಲ್ಲಿ ಹೋಗುವವರು ಸಂಸ್ಥೆಯ ಪ್ರತಿನಿಧಿಗಳ ಲೆಕ್ಕ. 2017ರ ಮಾರ್ಚ್‌ನಲ್ಲಿ ಡೆನ್ವರ್‌ನಿಂದ ಮಿನಿಯಾಪೊಲಿಸ್‌ಗೆ ಹೊರಟಿದ್ದ ಇಬ್ಬರು ಹುಡುಗಿಯರನ್ನು ಲೆಗ್ಗಿಂಗ್ಸ್ ಹಾಕಿದ್ದಕ್ಕೆ ಯುನೈಟೆಡ್ ವಿಮಾನ ಸಂಸ್ಥೆ ಹತ್ತಿಸಿರಲಿಲ್ಲ. ಟಿಕೆಟ್ ಕೊಂಡವರಿಗೆ ಆ ನಿಯಮ ಇಲ್ಲ, ಪಾಸ್‌ನವರಿಗೆ ಮಾತ್ರ ಅಂತ ಸಂಸ್ಥೆ ಆಮೇಲೆ ಹೇಳಿತು. ಈಗ ಹಲವು ಕಡೆ ಉಡುಪಿನ ನಿಯಮ ಸಡಿಲ. ವಾಣಿ ಮನೆಯವರು ಈ ವಿಷಯದಲ್ಲಿ ಅಚ್ಚುಕಟ್ಟಾಗಿಯೇ ಇದ್ದರು.

ಗುರುವಾರ ಸಂಜೆ

ಮಧ್ಯಾಹ್ನ ಡೆನ್ವರ್‌ನಲ್ಲಿ ಗುಡುಗು ಮಳೆ, ಆಲಿಕಲ್ಲು. ಆ ಭಾಗದಲ್ಲಿ ಮೇ ತಿಂಗಳಲ್ಲಿ ಇದು ಹೊಸದಲ್ಲ. ಅಲ್ಲಿಗೆ ಹೋಗಬೇಕಿದ್ದ ವಿಮಾನಗಳನ್ನು ಸ್ವಲ್ಪ ಹೊತ್ತು ಹೊರಡುವ ಊರಲ್ಲೇ ತಡೆದರು. ಕೆಲವು ರದ್ದಾದವು. ಸ್ಯಾಕ್ರಮೆಂಟೊದ ವಿಮಾನ ಎರಡು ಗಂಟೆ ತಡವಾದರೂ ಹೊರಡುವುದು ಖಚಿತವಾಯಿತು. ಮೂವರಿಗೂ ಸೀಟು ಸಿಕ್ಕಿತು.

ಬೋರ್ಡಿಂಗ್ ಶುರುವಾಗುವಷ್ಟರಲ್ಲಿ ರವಿಯ ಫೋನ್. "ಡೆನ್ವರ್ ಕೆಟ್ಟಿದೆ ಅಕ್ಕಾ. ರದ್ದಾದ ವಿಮಾನದವರನ್ನೆಲ್ಲ ನಾಳೆ ಬೆಳಗ್ಗೆಗೆ ಹಾಕುತ್ತಿದ್ದಾರೆ. ಹತ್ತಬೇಡ. ಮನೆಗೆ ಹೋಗಿ ಮಲಗು, ಬೆಳಗಿನ ಜಾವ ಬೇರೆ ಹಬ್ (ವಿಮಾನ ಬದಲಿಸುವ ದೊಡ್ಡ ನಿಲ್ದಾಣ) ಮೇಲೆ ಕಳಿಸುತ್ತೇನೆ."

ಈ ಪ್ರಕರಣದ ದೊಡ್ಡ ತಿರುವು ಇದು. ಕೈಯಲ್ಲಿ ಬೋರ್ಡಿಂಗ್ ಪಾಸ್ ಇದೆ. ಮಗ ಕಿಟಕಿ ಪಕ್ಕದ ಸೀಟು ಅಂತ ಕುಣಿಯುತ್ತಿದ್ದಾನೆ. ಪೆಟ್ಟಿಗೆ ಆಗಲೇ ಒಳಗೆ ಹೋಗಿದೆ. "ಸಿಕ್ಕಿದ್ದನ್ನು ಯಾಕ್ರೀ ಬಿಡಬೇಕು, ಅರ್ಧ ದಾರಿಯಾದರೂ ಆಗುತ್ತಲ್ಲ" ಅಂದಳು ವಾಣಿ. ಸತೀಶನೂ ಹೂಂ ಅಂದ. ಹತ್ತಿದರು.

ಅರ್ಧ ದಾರಿ ಅನ್ನುವ ಯೋಚನೆ ಬಸ್ಸಿಗೆ ಸರಿ. ಮಧ್ಯದ ಊರಿನಿಂದ ಇನ್ನೊಂದು ಬಸ್, ಕಾರು, ಏನಾದರೂ ಇರುತ್ತದೆ. ಡೆನ್ವರ್‌ನಿಂದ ರಾಲೀಗೆ ವಿಮಾನದಲ್ಲೇ ಮೂರು ಗಂಟೆಗೂ ಜಾಸ್ತಿ. ಅಲ್ಲಿ ಇಳಿದ ಮೇಲೆ ಅವರಿಗೆ ಮನೆಯೂ ಇಲ್ಲ, ಬೇರೆ ದಾರಿಯೂ ಇಲ್ಲ. ಸ್ಯಾಕ್ರಮೆಂಟೊದಲ್ಲೇ ಉಳಿದಿದ್ದರೆ ಸ್ವಂತ ಹಾಸಿಗೆ, ಅದರ ಜೊತೆ ಎರಡು ಮೂರು ಹಬ್‌ಗಳ ದಾರಿ. ಸಿಕ್ಕಿಹಾಕಿಕೊಳ್ಳುವುದೇ ಆದರೆ ಎಲ್ಲಿ ಅನ್ನುವುದನ್ನು ಸ್ಟ್ಯಾಂಡ್‌ಬೈ ಪ್ರಯಾಣಿಕ ತಾನೇ ಆರಿಸಿಕೊಳ್ಳಬಹುದು. ಆ ಆಯ್ಕೆ ಮೊದಲ ವಿಮಾನ ಹತ್ತುವ ತನಕ ಮಾತ್ರ.

ರಾತ್ರಿ ಡೆನ್ವರ್‌ನಲ್ಲಿ ನಿಲ್ದಾಣದ ಹತ್ತಿರದ ಹೋಟೆಲ್‌ಗಳು ತುಂಬಿದ್ದವು. ಟರ್ಮಿನಲ್ ಕುರ್ಚಿಗಳ ಮೇಲೆಯೇ ಮಲಗಿದರು. ಸ್ಟ್ಯಾಂಡ್‌ಬೈ ಪ್ರಯಾಣಿಕನಿಗೆ ಸಂಸ್ಥೆ ಹೋಟೆಲ್ ಕೊಡುವುದಿಲ್ಲ, ಊಟದ ವೋಚರ್ ಕೊಡುವುದಿಲ್ಲ. ಸೀಟು ಕೊಡದಿದ್ದಕ್ಕೆ ಪರಿಹಾರ ಕೇಳುವುದಕ್ಕೂ ಅಮೆರಿಕದ ನಿಯಮದಲ್ಲಿ ಖಚಿತ ಸೀಟು ಇದ್ದಿರಬೇಕು. ವಿಮಾನ ಪ್ರಯಾಣಿಕರ ಪರಿಹಾರದ ಬಗ್ಗೆ ಇರುವ ಯುರೋಪಿನ 261/2004 ನಿಯಮವೂ ಬಿಟ್ಟಿ ಟಿಕೆಟ್‌ನವರನ್ನು, ಸಾರ್ವಜನಿಕರಿಗೆ ಸಿಗದ ರಿಯಾಯಿತಿ ದರದಲ್ಲಿ ಹೋಗುವವರನ್ನು ಹೊರಗಿಟ್ಟಿದೆ.

ಶುಕ್ರವಾರ

ಬೆಳಗ್ಗೆ ಒಂಬತ್ತು ಖಾಲಿ ಸೀಟುಗಳ ವಿಮಾನ ಓವರ್‌ಸೋಲ್ಡ್ ಆಗಿತ್ತು. ರವಿ ಹೇಳಿದ ಹಾಗೆಯೇ, ಹಿಂದಿನ ದಿನ ರದ್ದಾದವರೆಲ್ಲ ಅದರಲ್ಲಿದ್ದರು. ಆದರೂ ಬಾಗಿಲು ಹಾಕುವ ಹೊತ್ತಿಗೆ ಯಾರೋ ಬರಲಿಲ್ಲ. ಗೇಟ್ ಏಜೆಂಟ್ ಕರೆದು ಹೇಳಿದಳು, ಒಂದೇ ಒಂದು ಸೀಟಿದೆ, ಒಬ್ಬರು ಹೋಗುತ್ತೀರಾ?

ವಾಣಿ ಗಂಡನ ಮುಖ ನೋಡಿದಳು. ಮಗ ಅವಳ ಕೈ ಹಿಡಿದುಕೊಂಡಿದ್ದ. ಯೋಚಿಸುವುದಕ್ಕೆ ಒಂದು ನಿಮಿಷವೂ ಇರಲಿಲ್ಲ. "ನಾವು ಮೂವರೂ ಒಟ್ಟಿಗೆ" ಅಂದುಬಿಟ್ಟಳು. ಪಟ್ಟಿಯಲ್ಲಿ ಅವರ ಹಿಂದಿದ್ದ ಹುಡುಗ ಓಡಿ ಹೋಗಿ ಹತ್ತಿದ.

ಅವಳ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆಯನ್ನು ಅವರು ಮನೆಯಲ್ಲೇ, ಟೀ ಕುಡಿಯುತ್ತಾ ಮಾತಾಡಿ ಮುಗಿಸಬೇಕಿತ್ತು. ಒಂದೇ ಸೀಟು ಸಿಕ್ಕರೆ ಯಾರು ಹೋಗಬೇಕು? ಎರಡು ಸಿಕ್ಕರೆ? ಗೇಟ್ ಮುಂದೆ ನಿಂತಾಗ ಮನುಷ್ಯ ಅಭ್ಯಾಸದಂತೆ ಉತ್ತರ ಕೊಡುತ್ತಾನೆ, ಸಂಸಾರಸ್ಥರ ಅಭ್ಯಾಸ ಒಟ್ಟಿಗೆ ಇರುವುದು. ಅಲ್ಲದೆ ಮೂವರನ್ನೂ ಒಂದೇ ಲಿಸ್ಟಿಂಗ್‌ನಲ್ಲಿ, ಅಂದರೆ ಸರದಿ ಪಟ್ಟಿಯ ಒಂದೇ ನಮೂದಿನಲ್ಲಿ, ಹಾಕಿದ್ದರು. ಹಾಗಿದ್ದಾಗ ಒಂದು ಸೀಟು ಉಳಿದರೆ ಕೆಲವು ಏಜೆಂಟರು ಕೇಳುವುದೂ ಇಲ್ಲ, ಗುಂಪನ್ನು ದಾಟಿ ಮುಂದಿನವರನ್ನು ಕರೆಯುತ್ತಾರೆ. ಈ ಏಜೆಂಟ್ ಕೇಳಿದ್ದೇ ದೊಡ್ಡದು.

ಅದೇ ವಿಮಾನದಲ್ಲಿ ಅವರ ಪೆಟ್ಟಿಗೆ ರಾಲೀಗೆ ಹೋಯಿತು. ವಾಣಿಯ ಸೀರೆ, ತಂಗಿಗೆ ತಂದ ಉಡುಗೊರೆ, ಮಗನ ಬಟ್ಟೆ ಎಲ್ಲ ಅದರಲ್ಲಿ. ಇಡೀ ಕುಟುಂಬದಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದ್ದು ಪೆಟ್ಟಿಗೆ ಒಂದೇ ಅಂತ ರವಿ ಈಗ ನಗುತ್ತಾನೆ.

ಮಧ್ಯಾಹ್ನದ ವಿಮಾನ ಚಿಕ್ಕದು, 76 ಸೀಟಿನ ಎಂಬ್ರೇಯರ್. ಆ ಹೊತ್ತಿಗೆ ರಾಲೀ ಕಡೆ ಗುಡುಗು ಮಳೆಯ ಮುನ್ಸೂಚನೆ ಇತ್ತು. ಅಲ್ಲಿ ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಲು ಜಾಸ್ತಿ ಇಂಧನ ತುಂಬಬೇಕು. ಡೆನ್ವರ್ ಇರುವುದು ಸಮುದ್ರ ಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿ. ಗಾಳಿ ತೆಳು. ಬಿಸಿಲು ಏರಿದರೆ ಇನ್ನೂ ತೆಳುವಾಗುತ್ತದೆ, ವಿಮಾನ ಎತ್ತಬಹುದಾದ ತೂಕ ಕಡಿಮೆಯಾಗುತ್ತದೆ. ಇಂಧನದ ತೂಕ ಏರಿದರೆ ಜನರ ತೂಕ ಇಳಿಯಬೇಕು. ನಾಲ್ಕು ಸೀಟು ಖಾಲಿ ಇದ್ದವು, ಯಾರನ್ನೂ ಹತ್ತಿಸಲಿಲ್ಲ.

ಸತೀಶ ಇಲ್ಲಿ ತಾಳ್ಮೆ ಕಳೆದುಕೊಂಡ. ಪರದೆಯ ಮೇಲೆ ನಾಲ್ಕು ಖಾಲಿ ಅಂತ ಕಣ್ಣಿಗೆ ಕಾಣುತ್ತಿದೆ, ಎದುರಿಗೆ ಬಾಗಿಲು ಮುಚ್ಚುತ್ತಿದ್ದಾರೆ. ರಾತ್ರಿ ನಿದ್ದೆ ಇಲ್ಲ. ಇದಕ್ಕೆ ಮೊದಲು, ತಮಗಿಂತ ತಡವಾಗಿ ಬಂದ ಸಮವಸ್ತ್ರದವರು ತಮಗಿಂತ ಮುಂಚೆ ಹತ್ತಿದ್ದನ್ನೂ ನೋಡಿದ್ದ. ಏಜೆಂಟ್‌ಗೆ ದನಿ ಏರಿಸಿ ಮಾತಾಡಿದ. ಅವಳು ತಿರುಗಿ ಏನೂ ಅನ್ನಲಿಲ್ಲ, ಏನೋ ಟೈಪ್ ಮಾಡಿದಳು. ಗೆಸ್ಟ್ ಪಾಸ್‌ನ ದಾಖಲೆಯಲ್ಲಿ ಪಾಸ್ ಕೊಟ್ಟ ನೌಕರನ ವಿವರ ಇರುತ್ತದೆ. ಅತಿಥಿ ಹೇಗೆ ನಡೆದುಕೊಂಡರೂ ಹೊಣೆ ನೌಕರನದು. ಮುಂದಿನ ವಾರ ರವಿಯನ್ನು ಮೇಲಧಿಕಾರಿ ಕರೆದು ಕೇಳಿದರು. ಎಚ್ಚರಿಕೆಯಲ್ಲಿ ಮುಗಿಯಿತು. ಪಾಸ್ ಸೌಲಭ್ಯ ನಿಂತುಹೋದವರೂ ಇದ್ದಾರೆ.

ಅಷ್ಟರಲ್ಲಿ ಇನ್ನೊಬ್ಬ ಏಜೆಂಟ್ ಕರುಣೆ ತೋರಿಸಿ ಒಂದು ದಾರಿ ಹೇಳಿದ. ಷಾರ್ಲಟ್‌ಗೆ ಮಧ್ಯಾಹ್ನ ಎರಡು ಗಂಟೆಗೆ ಒಂದು ವಿಮಾನ ಇದೆ, ಐದು ಸೀಟು ಖಾಲಿ. ಷಾರ್ಲಟ್‌ನಿಂದ ರಾಲೀಗೆ ಕಾರಿನಲ್ಲಿ ಎರಡೂವರೆ ಗಂಟೆ. ಆದರೆ ಲಿಸ್ಟಿಂಗ್ ಬದಲಾಯಿಸಬೇಕು. ಈ ಸಂಸ್ಥೆಯಲ್ಲಿ ಗೆಸ್ಟ್ ಪಾಸ್‌ನ ಊರು ಬದಲಾಯಿಸುವುದು ನೌಕರನಿಂದ ಮಾತ್ರ ಸಾಧ್ಯ. ನೌಕರ ಎಲ್ಲಿ? ವಿಮಾನದ ಹೊಟ್ಟೆಯ ಕೆಳಗೆ, ಶಿಫ್ಟ್‌ನಲ್ಲಿ. ಫೋನ್ ಲಾಕರ್‌ನಲ್ಲಿ. ವಾಣಿ ಕರೆ ಮಾಡಿದ್ದೇ ಮಾಡಿದ್ದು. ರವಿ ಬಿಡುವು ಸಿಕ್ಕಿ ಫೋನ್ ನೋಡುವಷ್ಟರಲ್ಲಿ ಮೂರು ದಾಟಿತ್ತು. ಆ ವಿಮಾನ ಸೀಟು ಖಾಲಿ ಇಟ್ಟುಕೊಂಡೇ ಹೋಯಿತು.

ಈ ತೊಡಕನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಬಹುತೇಕ ಜನ ಯೋಚಿಸುವುದಿಲ್ಲ. ಪಾಸ್ ಅತಿಥಿಯ ಕೈಯಲ್ಲಿದ್ದರೂ ಚುಕ್ಕಾಣಿ ಇರುವುದು ನೌಕರನ ಲಾಗಿನ್‌ನಲ್ಲಿ. ನೌಕರನ ಶಿಫ್ಟ್ ಯಾವುದು, ಆ ಹೊತ್ತಿನಲ್ಲಿ ಅವನು ಫೋನ್ ನೋಡಬಹುದೇ, ಇಲ್ಲದಿದ್ದರೆ ಅವನ ಮನೆಯಲ್ಲಿ ಬೇರೆ ಯಾರಾದರೂ ಲಿಸ್ಟ್ ಮಾಡಬಹುದೇ, ಇವು ವಿಮಾನದ ವೇಳಾಪಟ್ಟಿಯಷ್ಟೇ ಮುಖ್ಯ. ಅಕ್ಕಪಕ್ಕದ ನಿಲ್ದಾಣಗಳ ಪಟ್ಟಿಯನ್ನೂ ಮೊದಲೇ ಮಾಡಿಕೊಳ್ಳಬೇಕು. ರಾಲೀಗೆ ಷಾರ್ಲಟ್ ಇದೆ, ಅದಕ್ಕಿಂತ ಹತ್ತಿರ ಗ್ರೀನ್ಸ್‌ಬೊರೊ ಇದೆ.

ಸತೀಶ ಬೇರೆ ಸಂಸ್ಥೆಯ ಟಿಕೆಟ್ ಕೊಂಡುಬಿಡೋಣ, ಪಾಸ್‌ನಲ್ಲಿ ಸೀಟು ಸಿಕ್ಕರೆ 24 ಗಂಟೆಯೊಳಗೆ ರದ್ದು ಮಾಡೋಣ ಅಂದ. ಈ ನಂಬಿಕೆ ತುಂಬ ಜನರಿಗಿದೆ. ಅಮೆರಿಕದ ಆ 24 ಗಂಟೆಯ ನಿಯಮ ಅನ್ವಯಿಸುವುದು ಪ್ರಯಾಣಕ್ಕೆ ಏಳು ದಿನವೋ ಹೆಚ್ಚೋ ಇರುವಾಗ ಕೊಂಡ ಟಿಕೆಟ್‌ಗೆ. ಅವತ್ತೇ ಕೊಂಡು ಅವತ್ತೇ ಹೊರಡುವವರಿಗೆ ಅಲ್ಲ. ದರವೂ ಕೈಗೆ ಸಿಗುವಂತಿರಲಿಲ್ಲ.

ಸಂಜೆ

ರವಿ ಕೆಲಸ ಮುಗಿಸಿ ಕೂತು ಎಲ್ಲವನ್ನೂ ಮತ್ತೆ ಜೋಡಿಸಿದ. ವಾಣಿಯನ್ನು ಒಂಟಿಯಾಗಿ ಸಂಜೆಯ ಷಾರ್ಲಟ್ ವಿಮಾನಕ್ಕೆ. ಸತೀಶ, ಮಗ ಇಬ್ಬರನ್ನು ರಾಲೀಯ ಕೊನೆಯ ವಿಮಾನಕ್ಕೆ. ಫೋನ್‌ನಲ್ಲಿ ಒಂದೇ ಮಾತು ಹೇಳಿದ. "ಅಕ್ಕಾ, ಈ ಸಲ ಒಂದು ಸೀಟು ಅಂದರೂ ಹತ್ತಿಬಿಡು. ಭಾವ, ನೀವು ಅವಳನ್ನು ತಡೀಬೇಡಿ. ಅಲ್ಲಿ ಕಾಯುತ್ತಿರುವುದು ಅವಳ ತಂಗಿ."

ಷಾರ್ಲಟ್‌ಗೆ ಒಂದೇ ಸೀಟು ಉಳಿಯಿತು. ವಾಣಿ ಹತ್ತಿದಳು. ಮಧ್ಯರಾತ್ರಿಯ ಹೊತ್ತಿಗೆ ಇಳಿದು, ಕಾರು ಬಾಡಿಗೆಗೆ ತೆಗೆದುಕೊಂಡು, ಬೆಳಗಿನ ಜಾವಕ್ಕೆ ತಂಗಿಯ ಮನೆ ಸೇರಿದಳು. ತಂಗಿಯ ರೂಮ್‌ಮೇಟ್ ಪೆಟ್ಟಿಗೆಯನ್ನು ಹಿಂದಿನ ದಿನವೇ ತಂದಿಟ್ಟಿದ್ದಳು. ಸಮಾರಂಭಕ್ಕೆ ವಾಣಿ ಇದ್ದಳು.

ಸತೀಶ, ಮಗನಿಗೆ ರಾತ್ರಿಯ ವಿಮಾನದಲ್ಲಿ ಜಾಗ ಸಿಗಲಿಲ್ಲ. ಆ ರಾತ್ರಿ ಹೋಟೆಲ್ ಸಿಕ್ಕಿತು. ಶನಿವಾರ ಬೆಳಗ್ಗೆ ಸ್ಯಾಕ್ರಮೆಂಟೊ ಕಡೆಗೆ ಹೋಗುವ ವಿಮಾನ ಅರ್ಧ ಖಾಲಿ, ಇಬ್ಬರೂ ಸಲೀಸಾಗಿ ಮನೆ ಸೇರಿದರು. ಜನ ಹೋಗುವ ದಿಕ್ಕಿಗೆ ಎದುರು ದಿಕ್ಕಿನಲ್ಲಿ ಸ್ಟ್ಯಾಂಡ್‌ಬೈ ಎಷ್ಟು ಹಗುರ ಅನ್ನುವುದು ಅವತ್ತು ಸತೀಶನಿಗೆ ಗೊತ್ತಾಯಿತು, ಸ್ವಲ್ಪ ಕಹಿಯಾಗಿಯೇ. ವಾಣಿ ಭಾನುವಾರದ ನೂಕುನುಗ್ಗಲು ಬಿಟ್ಟು ಮಂಗಳವಾರದ ಮೊದಲ ವಿಮಾನದಲ್ಲಿ ಮರಳಿದಳು.

ಹಣದ ಲೆಕ್ಕ

ಪಾಸ್‌ನ ಹಣ, ಒಂದು ರಾತ್ರಿಯ ಹೋಟೆಲ್, ನಿಲ್ದಾಣದ ಊಟ ತಿಂಡಿ, ಬಾಡಿಗೆ ಕಾರು, ವಾಣಿಯ ಎರಡು ದಿನದ ರಜೆ. ಎಲ್ಲ ಕೂಡಿಸಿದರೆ ಒಂದು ತಿಂಗಳು ಮೊದಲೇ ವಾಣಿ ಒಬ್ಬಳಿಗೆ ಟಿಕೆಟ್ ಕೊಂಡಿದ್ದರೆ ಆಗುತ್ತಿದ್ದ ಖರ್ಚನ್ನು ಆರಾಮಾಗಿ ದಾಟುತ್ತದೆ. ಕೊನೆಗೆ ತಲುಪಿದ್ದೂ ಅವಳೊಬ್ಬಳೇ ತಾನೆ.

ರವಿಗೂ ಖರ್ಚು ಬಂತು, ಇದು ಅತಿಥಿಗಳಿಗೆ ಕಾಣದ ಬಾಬತ್ತು. ಅಮೆರಿಕದ ತೆರಿಗೆ ಕಾನೂನಿನಲ್ಲಿ ಹೆಂಡತಿ, ಅವಲಂಬಿತ ಮಕ್ಕಳು, ತಂದೆ ತಾಯಿ ಬಳಸುವ ಸ್ಟ್ಯಾಂಡ್‌ಬೈ ಸೌಲಭ್ಯಕ್ಕೆ ತೆರಿಗೆ ಇಲ್ಲ. ಬೇರೆಯವರು ಬಳಸಿದರೆ ಅದರ ಬೆಲೆ ನೌಕರನ ಆದಾಯಕ್ಕೆ ಸೇರುತ್ತದೆ. ವಾಣಿ ಈ ವಿಷಯ ತಿಳಿದು ಒಂದಿಷ್ಟು ಹಣ ಕೊಡಲು ಹೋದಳು. ರವಿ ಪಾಸ್‌ನ ಶುಲ್ಕ ಬಿಟ್ಟು ಒಂದು ಡಾಲರ್ ಮುಟ್ಟಲಿಲ್ಲ. ಸಂಕೋಚಕ್ಕಲ್ಲ. ಪಾಸ್ ಮಾರಿದ ಅಂತ ಅನುಮಾನ ಬಂದರೂ ಕೆಲಸ ಹೋಗಬಹುದು.

ಆಮೇಲೆ

ರವಿ ಈಗಲೂ ಪಾಸ್ ಕೊಡುತ್ತಾನೆ, ಆದರೆ ಕೊಡುವ ಮೊದಲು ಕೇಳುತ್ತಾನೆ. ಒಂದೇ ಸೀಟು ಸಿಕ್ಕರೆ ಯಾರು ಹೋಗುತ್ತೀರಿ? ಯಾವ ಹೊತ್ತಿನ ತನಕ ಕಾದು ಆಮೇಲೆ ಟಿಕೆಟ್ ಕೊಳ್ಳುತ್ತೀರಿ? ಅದಕ್ಕೆ ಹಣ ಇದೆಯೇ? ಉತ್ತರ ತಡವರಿಸಿದರೆ "ಟಿಕೆಟ್ ತಗೊಳ್ಳಿ" ಅನ್ನುತ್ತಾನೆ. ಒಬ್ಬಿಬ್ಬರು ಬೇಜಾರು ಮಾಡಿಕೊಂಡಿದ್ದಾರಂತೆ.

ಅಕ್ಟೋಬರ್‌ನಲ್ಲಿ ವಾಣಿ ಮತ್ತೆ ರಾಲೀಗೆ ಹೋದಳು, ತಂಗಿ ಮನೆ ಬದಲಾಯಿಸುತ್ತಿದ್ದಳು. ಈ ಸಲ ಒಬ್ಬಳೇ, ಬುಧವಾರ, ಕೈಚೀಲ ಮಾತ್ರ. ಪೆಟ್ಟಿಗೆ ಕೊಡಲಿಲ್ಲ. ರವಿಯ ರಜೆಯ ದಿನ ನೋಡಿ ತಾರೀಖು ಇಟ್ಟುಕೊಂಡಳು. ಮರುದಿನಕ್ಕೆ ಮೈಲ್ಸ್ (ವಿಮಾನ ಸಂಸ್ಥೆ ಕೊಡುವ ಪಾಯಿಂಟ್) ಕೊಟ್ಟು ಇನ್ನೊಂದು ಟಿಕೆಟನ್ನೂ ತೆಗೆದಿಟ್ಟಿದ್ದಳು, ರದ್ದು ಮಾಡಿದರೆ ಮೈಲ್ಸ್ ವಾಪಸ್ ಬರುವಂಥದ್ದು. 2020ರಿಂದ ಅಮೆರಿಕದ ದೊಡ್ಡ ಸಂಸ್ಥೆಗಳು ಅತಿ ಅಗ್ಗದ ಬೇಸಿಕ್ ಎಕಾನಮಿ ಬಿಟ್ಟು ಬಹುತೇಕ ಟಿಕೆಟ್‌ಗಳ ಬದಲಾವಣೆ ಶುಲ್ಕ ತೆಗೆದುಹಾಕಿದ ಮೇಲೆ ಹಣ ಕೊಟ್ಟೂ ಹೀಗೆ ಮಾಡಬಹುದು, ಹಣದ ಬದಲು ಕ್ರೆಡಿಟ್ ಸಿಗುತ್ತದೆ. ಮೊದಲ ವಿಮಾನದಲ್ಲೇ ಸೀಟು ಸಿಕ್ಕಿತು. ಡೆನ್ವರ್‌ನಲ್ಲಿ ಮುಂದಿನ ವಿಮಾನ ಹತ್ತಿ ಕೂತ ಮೇಲೆ ಮೈಲ್ಸ್ ಟಿಕೆಟ್ ರದ್ದು ಮಾಡಿದಳು.

ಸತೀಶ ಡಿಸೆಂಬರ್‌ಗೆ ಮೂವರಿಗೂ ಆಗಲೇ ಟಿಕೆಟ್ ಕೊಂಡಿದ್ದಾನೆ. ಪಾಸ್ ಬೇಕಾ ಅಂತ ರವಿ ಕೇಳಿದ್ದಕ್ಕೆ, "ಬೇಡಪ್ಪ, ನನಗೆ ಸೀಟ್ ನಂಬರ್ ಬೇಕು" ಅಂದನಂತೆ.